ಎತ್ವಾರಿಯ ಮಾತು, ಹಾಲನ್ ಅವರ ಬಾಯಿ

ಊರಿಗೇ ಹೋಗಿಬಿಡಮ್ಮ ಅಂದಿದ್ದರೆ ತಪ್ಪಾಗುತ್ತಿತ್ತೇ? ಅವಳಾಗಿಯೇ ಕೇಳಿದಳಲ್ಲ. ಗಂಡನ ಕಡೆಯವರು ರೈಲು ಟಿಕೆಟ್ ತಂದುಕೊಟ್ಟಿದ್ದಾರೆ, ತೆಗೆದುಕೊಳ್ಳಲೇ ಕಾಕಾ ಎಂದು. ಸುಮ್ಮನೆ ನಿಂತದ್ದು ಸರಿಯೇ? ಸುಮ್ಮನಿರುವುದೂ ಒಂದು ಉತ್ತರ ಎಂದು ಅವಳು ಅಂದುಕೊಂಡಿದ್ದರೆ?

ಬೆಳಗಿನ ಆರು ಗಂಟೆ. ಹುಬ್ಬತಲೈಯ ಇಳಿಜಾರಿನಲ್ಲಿ, ತಮ್ಮ ಅರ್ಧ ಎಕರೆ ಟೀ ಗಿಡಗಳ ನಡುವೆ ನಿಂತು ಅರವತ್ತಾರರ ಹಾಲನ್ ಇದನ್ನೇ ಯೋಚಿಸುತ್ತಿದ್ದಾರೆ. ಕೈ ಎಲೆ ಕೊಯ್ಯುತ್ತಿದೆ. ತುಟಿ ತಮಿಳಿನಲ್ಲಿ ಮೆಲ್ಲಗೆ ಅಭ್ಯಾಸ ಮಾಡುತ್ತಿದೆ: "ನನ್ನ ಗಂಡ ನನ್ನನ್ನು ಹೊರಗೆ ಹಾಕಿದ. ಆ ರಾತ್ರಿ ನಾನು ನೀರಿನ ತೊಟ್ಟಿಯ ಹತ್ತಿರ ಮಲಗಿದೆ." ಇದು ಅವರ ಮಾತಲ್ಲ. ಹನ್ನೊಂದು ಗಂಟೆಗೆ ಊಟಿಯ ಕೋರ್ಟಿನಲ್ಲಿ ಆ ಟಿಕೆಟ್ಟಿನ ಹೆಂಗಸು ಎತ್ವಾರಿ (ಹೆಸರು ಬದಲಿಸಿದೆ) ಹೇಳಲಿರುವ ಮಾತು.

ಹಾಲನ್ ದುಭಾಷಿ. ಜಾರ್ಖಂಡ್, ಅಸ್ಸಾಂ ಕಡೆಯಿಂದ ನೀಲಗಿರಿಯ ಟೀ ಎಸ್ಟೇಟುಗಳಿಗೆ ದುಡಿಯಲು ಬಂದ ಹೆಂಗಸರು ಗಂಡನ ಹಿಂಸೆ ತಾಳದೆ ಕೋರ್ಟಿಗೆ ಬಂದಾಗ, ಅವರ ಸಾದ್ರಿ ಭಾಷೆಯನ್ನು ತಮಿಳಿಗೆ ತಿರುಗಿಸುತ್ತಾರೆ. ಅಸ್ಸಾಮಿನ ಟೀ ಫ್ಯಾಕ್ಟರಿಯೊಂದರಲ್ಲಿ ಹದಿನೇಳು ವರ್ಷ ಫಿಟ್ಟರ್ ಆಗಿದ್ದಾಗ, ಅಲ್ಲಿನ ಕೂಲಿಯವರಿಂದ ಕಲಿತ ಭಾಷೆ ಅದು. ಅವಳು 'ನಾನು' ಎಂದರೆ ಇವರೂ 'ನಾನು' ಎನ್ನಬೇಕು. ಅದು ಕೆಲಸದ ನಿಯಮ.

ಅವರ ಊರಾದ ಹುಬ್ಬತಲೈ ಹಟ್ಟಿಯವರಿಗೆ ಈ ನಿಯಮ ದೊಡ್ಡ ತಮಾಷೆ. ಬಸ್ಸಿಗೆ ಕಾಯುವಾಗ ಪಕ್ಕದ ಮನೆಯ ಬೆಳ್ಳಿಯಮ್ಮ ಬಿಡುವುದಿಲ್ಲ.

"ಎಲ್ಲಿಗೆ ಹೋರೆ ಹಾಲಣ್ಣ? ಇವತ್ತು ಯಾವ ಗಂಡನ ಕೈಲಿ ಏಟು ತಿಂತೀಯೆ?"

"ಈಗ ಇರೋದು ಎಂಬತ್ತೇಳನೇ ಗಂಡ ಕಣವ್ವ."

"ಅಯ್ಯೋ, ಒಬ್ಬನಾದರೂ ಒಳ್ಳೆಯವ ಸಿಕ್ಕಿಲ್ಲೆಯೇ ನಿನಗೆ!"

ಎಲ್ಲರೂ ನಗುತ್ತಾರೆ. ಹಾಲನ್ ಕೂಡ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಊಟಿಯವರೆಗೆ ಮತ್ತೆ ಎತ್ವಾರಿಯ ಮಾತಿನ ಅಭ್ಯಾಸ.

ಹದಿಮೂರು ವರ್ಷ, ಎಂಬತ್ತೇಳು ಹೆಂಗಸರು. ಆದೇಶ ಕೈಗೆ ಬರುವವರೆಗೆ ನಿಂತವರು ಇಪ್ಪತ್ತೆರಡು. ಉಳಿದವರಲ್ಲಿ ಹೆಚ್ಚಿನವರು ನಡುವೆಯೇ ಕಾಣೆಯಾದರು. ಎಸ್ಟೇಟು ಬದಲಾಯಿತು, ಜಿಲ್ಲೆ ಬದಲಾಯಿತು, ಗಂಡ ಕೈಮುಗಿದ, ಮಗುವಿಗೆ ಜ್ವರ ಬಂತು. "ಯಾಕೆ ಬರಲಿಲ್ಲ ಅಂತ ನಾ ಕೇಳೋಕಿಲ್ಲೆ," ಎನ್ನುತ್ತಾರೆ ಹಾಲನ್. "ಕೋರ್ಟಿನ ಹೊರಗೆ ನನಗೆ ಬಾಯಿ ಇಲ್ಲೆ."

ಇದ್ದ ಬಾಯಿಯನ್ನು ಮೊದಲ ವರ್ಷ ಒಮ್ಮೆ ಬಳಸಿದ್ದರು. ಕಟ್ಟಬೆಟ್ಟು ಕಡೆಯ ಎಸ್ಟೇಟಿನ ಹೆಂಗಸೊಬ್ಬಳು ಕೋರ್ಟಿನ ಜಗಲಿಯಲ್ಲಿ ಅಳುತ್ತಾ ಕೂತಿದ್ದಳು. ತಮ್ಮ ಹಟ್ಟಿಯ ಹೆಣ್ಣಿಗೆ ಹೇಳುವುದನ್ನೇ ಅವಳಿಗೂ ಹೇಳಿದರು: ಅಪ್ಪನ ಮನೆಗೆ ಹೋಗಮ್ಮ. ಇಲ್ಲಿನ ಹಟ್ಟಿಗಳಲ್ಲಿ ಹೊಡೆಸಿಕೊಂಡ ಹೆಣ್ಣು ಸಂಜೆಯೊಳಗೆ ನಡೆದು ಹುಟ್ಟಿದ ಹಟ್ಟಿ ಸೇರುತ್ತಾಳೆ. ಎರಡೂ ಹಟ್ಟಿಯ ಹಿರಿಯರು ನ್ಯಾಯಕ್ಕೆ ಕೂರುತ್ತಾರೆ. ಗಂಡ ಅವಳ ಅಪ್ಪನ ಅಂಗಳಕ್ಕೆ ಬಂದು, ತಲೆ ತಗ್ಗಿಸಿ ಉತ್ತರ ಕೊಡಬೇಕು. ಆ ಹೆಂಗಸು ಮಾತು ಕೇಳಿ ಮೂರು ರೈಲು ಬದಲಿಸಿ ಹೋದಳು. ಅಲ್ಲಿ ಯಾರೂ ಕೂರಲಿಲ್ಲ. ವಾರದಲ್ಲಿ ಅಪ್ಪನೇ ಅವಳನ್ನು, ಹಿಂದೆಯೇ ಬಂದಿದ್ದ ಗಂಡನ ಜೊತೆ, ವಾಪಸ್ಸು ರೈಲು ಹತ್ತಿಸಿದ. ಅಷ್ಟರಲ್ಲಿ ವಿಚಾರಣೆಯ ದಿನ ಕಳೆದು ಅರ್ಜಿ ವಜಾ ಆಗಿತ್ತು.

"ಎಲ್ಲರಿಗೂ ಒಂದು ಹಟ್ಟಿ ಇರತ್ತೆ ಅಂತ ನಾ ಅಂದುಕೊಂಡಿದ್ದೆ," ಎನ್ನುತ್ತಾರೆ.

ಕಾನೂನಿಗೆ ಇದು ಗೊತ್ತಿದೆ. ಕೌಟುಂಬಿಕ ಹಿಂಸೆಗೆ ಒಳಗಾದವಳು ತಾನು ಸದ್ಯಕ್ಕೆ ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಮದುವೆಯಾದ ಊರಿಗೆ ಹೋಗಬೇಕಿಲ್ಲ. ಜೊತೆಯಾಗಿ ಬಾಳಿದ ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿರುವ ಹಕ್ಕು ಅವಳಿಗಿದೆ. ಎತ್ವಾರಿ ಕೇಳುತ್ತಿರುವುದು ಅಷ್ಟೇ: ಎಸ್ಟೇಟಿನ ಕೂಲಿ ಮನೆಗಳ ಸಾಲಿನಲ್ಲಿ ತಾನಿದ್ದ ಒಂದು ಕೋಣೆ.

ಕೋರ್ಟಿನಲ್ಲಿ ಗಂಡನ ವಕೀಲರು ಟಿಕೆಟ್ ತೋರಿಸುತ್ತಾರೆ. ತವರಿನಲ್ಲಿ ನೆಮ್ಮದಿಯಾಗಿ ಇರಲಿ ಎನ್ನುತ್ತಾರೆ. ನ್ಯಾಯಾಧೀಶೆ ಎತ್ವಾರಿಯ ಕಡೆ ತಿರುಗುತ್ತಾರೆ. "ಊರಿಗೆ ಹೋಗಲು ನಿನಗೆ ಇಷ್ಟವೇ?" ಹಾಲನ್ ಪ್ರಶ್ನೆಯನ್ನು ಸಾದ್ರಿಯಲ್ಲಿ ಹೇಳಿ ನೆಲ ನೋಡುತ್ತಾರೆ. ಎತ್ವಾರಿ ಅವರ ಮುಖವನ್ನೇ ನೋಡುತ್ತಾಳೆ. ಅಲ್ಲಿ ಏನೂ ಸಿಗುವುದಿಲ್ಲ. ಕೊನೆಗೆ ಒಂದೇ ಉಸಿರಿನಲ್ಲಿ ಏನೋ ಹೇಳುತ್ತಾಳೆ. ನೆರೆತ ಮೀಸೆಯ ಮುದುಕ ತಲೆಯೆತ್ತಿ ಅದನ್ನು ತಮಿಳಿನಲ್ಲಿ ಹೇಳುತ್ತಾರೆ:

"ಹೋಗುವುದಿಲ್ಲ. ನಾನು ಹೋದರೆ ನಾಲ್ಕನೇ ದಿನ ಇವನೂ ಬರುತ್ತಾನೆ. ಅಲ್ಲಿ ಹೊಡೆದರೆ ಅಮ್ಮ ಬಾಗಿಲು ಹಾಕಿಕೊಳ್ಳುತ್ತಾಳೆ. ಇಲ್ಲಿ ನನಗೆ ಕೆಲಸ ಇದೆ. ಆ ಕೋಣೆಯ ಒಲೆ ನಾನೇ ಹಾಕಿದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಹಾಲನ್ ಅವರ ದನಿ ಅಲುಗುವುದಿಲ್ಲ.

ಮಧ್ಯಾಹ್ನ ಮಧ್ಯಂತರ ಆದೇಶ ಬರುತ್ತದೆ. ಮುಂದಿನ ವಿಚಾರಣೆಯವರೆಗೆ ಕೋಣೆ ಎತ್ವಾರಿಗೆ. ಗಂಡ ಅದರೊಳಗೆ ಕಾಲಿಡುವಂತಿಲ್ಲ. ಎತ್ವಾರಿಯ ಪರ ಕಾನೂನು ನೆರವಿನ ವಕೀಲೆ ಸಿಂಧುಜಾ ಹೊರಗೆ ಬಂದು ಹೇಳುತ್ತಾರೆ: "ನಾನು ವಾದ ಮಾಡಿದ್ದು ನಾಲ್ಕು ನಿಮಿಷ. ಮಾಮ ಹೇಳಿದ ಆ ಒಲೆಯ ಮಾತು ಸಾಕಾಯಿತು." ಹಾಲನ್ ಒಪ್ಪುವುದಿಲ್ಲ. "ಅವಳದು ಮಾತು. ನಾ ಒಂದು ಕೂಡಿಸಿಲ್ಲೆ, ಒಂದು ಕಳೆದಿಲ್ಲೆ." ಆಸೆಯೇನಾದರೂ ಇದೆಯೇ ಎಂದರೆ, ಹೆಣ್ಣೊಬ್ಬಳು ಈ ಭಾಷೆ ಕಲಿತು ತಮ್ಮ ಜಾಗಕ್ಕೆ ಬರಲಿ ಎನ್ನುತ್ತಾರೆ. "ಕೆಲವು ಏಟು ಎಲ್ಲಿ ಬಿತ್ತು ಅಂತ ನನ್ನ ಎದುರಿಗೆ ಹೇಳೋಕೆ ಅವರಿಗೆ ಕಷ್ಟ."

ಮೂರೂವರೆಗೆ ಬಸ್ ನಿಲ್ದಾಣದಲ್ಲಿ ಎತ್ವಾರಿ ಆದೇಶದ ಕಾಗದವನ್ನು ಸ್ವೆಟರಿನೊಳಗೆ ಇಟ್ಟುಕೊಂಡು ನಿಂತಿದ್ದಾಳೆ. ಅವಳ ಕೋಣೆಯ ಎಡಬಲ ಎರಡೂ ಗಂಡನ ಅಣ್ಣತಮ್ಮಂದಿರ ಕೋಣೆಗಳು.

"ಕಾಕಾ, ಅವರು ಬಂದು ಬಾಗಿಲು ಒದ್ದರೆ?"

ಆದೇಶದ ಜಾರಿ ನೋಡಿಕೊಳ್ಳುವ ರಕ್ಷಣಾಧಿಕಾರಿಯ ನಂಬರು, ಪೊಲೀಸರ ನಂಬರು ಎರಡನ್ನೂ ಹಾಲನ್ ಅವಳ ಫೋನಿನಲ್ಲಿ ಹಾಕಿಕೊಡುತ್ತಾರೆ.

"ನನ್ನ ಮಾತು ಪೊಲೀಸರಿಗೆ ತಿಳಿಯುತ್ತಾ?"

ಹಾಲನ್ ಫೋನನ್ನು ಅವಳ ಕೈಗೆ ಕೊಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಹುಬ್ಬತಲೈಯ ಮನೆಯಲ್ಲಿ ಅವರೊಬ್ಬರೇ. ನಾಲ್ಕು ಕೋಣೆಗಳಲ್ಲಿ ಮೂರಕ್ಕೆ ಚಿಲಕ. ಆದರೆ ಅವಳಿಗೆ ಒಂದನ್ನು ತೆರೆದುಕೊಟ್ಟು, ದುಭಾಷಿ ಅವಳ ಕಡೆಯವನು ಎಂದು ಗೊತ್ತಾದರೆ, ಮುಂದಿನ ವಿಚಾರಣೆಯಲ್ಲಿ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಇವರ ಬಾಯಿಂದ ಬಂದ ಅವಳ ಮಾತೆಲ್ಲ ಅನುಮಾನಕ್ಕೆ ಬೀಳುತ್ತದೆ. ಇದನ್ನು ಹಾಲನ್ ಆಮೇಲೆ, ಊರಿಗೆ ಮರಳುವ ಕೂನೂರು ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಾ ಹೇಳುತ್ತಾರೆ.

ಕೋತಗಿರಿ ಬಸ್ಸು ಬರುತ್ತದೆ. ಎತ್ವಾರಿ ಹತ್ತಿ ಕೂತು, ಒಮ್ಮೆ ಅವರ ಕಡೆ ನೋಡುತ್ತಾಳೆ. ಬಸ್ಸು ಹೊರಡುತ್ತದೆ.

ಹೆದರಿಕೆಯಾದರೆ ನಮ್ಮ ಹಟ್ಟಿಗೆ ಬಾ ಎಂದು ಹಾಲನ್ ಅವಳಿಗೆ ಹೇಳಲಿಲ್ಲ. ಎಂಬತ್ತೇಳು ಮಂದಿಯಲ್ಲಿ ಒಬ್ಬಳಿಗೂ ಹೇಳಿಲ್ಲ.