ಸೋದರಮಾವ ಎಂದು ಬಂದವನು

ಭೀಮಾ ನದಿ ಉಕ್ಕಿದ ವರ್ಷ ಅಫಜಲಪುರ ತಾಲೂಕಿನ ಶಾಲೆಯೊಂದರಲ್ಲಿ ಸಂತ್ರಸ್ತರ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ತಂದೆತಾಯಿ ಇನ್ನೂ ಸಿಗದ ಮಕ್ಕಳನ್ನು ಅದೇ ಊರಿನ ಶರಣಮ್ಮ ತಾವಾಗಿಯೇ ಬಂದು ನೋಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬಾತ ಬಂದು, ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ತಾನು ಸೋದರಮಾವ ಎಂದ. ಬಂದಾಗಿನಿಂದ ಮಾತೇ ಆಡದ ಮಗು ಅದು. ತಾನೇ ಮಾವನೆಂದು ಅವನು ತಂದಿದ್ದ ಚೀಟಿಯ ಮೇಲೆ ಪಂಚಾಯಿತಿಯ ಮುದ್ರೆಯಿತ್ತು. ಮಗುವನ್ನು ಕರೆದೊಯ್ಯಬಹುದೆಂದು ನಾನು ಅದರ ಮೇಲೆ ಸಹಿ ಹಾಕಿದೆ. ಶರಣಮ್ಮ ಮಾತ್ರ ಮಗುವನ್ನು ಕಂಕುಳಿಂದ ಇಳಿಸಲಿಲ್ಲ.

“ಇದರ ಜವಳ ಯಾರ ತೊಡಿ ಮ್ಯಾಲ ಕೂಡ್ಸಿ ತೆಗಸೀರಿ?”

ನಮ್ಮ ಕಡೆ ಹುಟ್ಟುಗೂದಲು ತೆಗೆಸುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆಯೇ. ಅವನಿಗೂ ಅದು ಗೊತ್ತಿತ್ತು.

“ನನ್ನ ತೊಡಿ ಮ್ಯಾಲರೀ, ಮತ್ಯಾರ್ದು? ಗಾಣಗಾಪುರದಾಗ ತೆಗಸೇವ್ರಿ.”

“ಸುಳ್ಳ ಹೇಳಬ್ಯಾಡ್ರಿ. ಇದರ ಜವಳ ಇನ್ನಾ ಆಗೇ ಇಲ್ಲ.”

ಅವನು ಒಮ್ಮೆ ನನ್ನ ಮುಖ ನೋಡಿದ. ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದವನು ತಿರುಗಿ ಬರಲಿಲ್ಲ.

“ಜವಳ ಆಗಿಲ್ಲಂತ ನಿಮಗ ಹೆಂಗ ಗೊತ್ತಾತು?” ಎಂದು ಶರಣಮ್ಮನನ್ನು ಕೇಳಿದೆ.

“ನನಗೇನ ಗೊತ್ರೀ ಸಾಹೇಬ್ರ? ಸುಮ್ಮನ ಅಂದೆ. ಖರೇ ಮಾವ ಆಗಿದ್ರ ನನ್ನ ಜೋಡಿ ಜಗಳಾ ತೆಗೀತಿದ್ದ.”

ಮೇಜಿನ ಮೇಲೇ ಉಳಿದಿದ್ದ, ನಾನು ಸಹಿ ಹಾಕಿದ್ದ ಚೀಟಿಯನ್ನು ಹರಿದು, ಚೂರುಗಳನ್ನು ಕೆಳಗೆ ಹಾಕದೆ ಕಿಸೆಯಲ್ಲೇ ಇಟ್ಟುಕೊಂಡೆ. ಅಲ್ಲಿ ಕಸ ಗುಡಿಸುವವರೂ ಶರಣಮ್ಮನೇ.