ಬದುವಿನ ಆಚೆ ಆಡಿದ ಮಾತು

ಬೆಳೆ ಎಷ್ಟು ಕೈಗೆ ಬಂದೀತೆಂದು ಹದಿನಾರು ಆಣೆಯ ಲೆಕ್ಕದಲ್ಲಿ ಅಂದಾಜು ಕಟ್ಟುವುದನ್ನು ನಮ್ಮ ಸೀಮೆಯಲ್ಲಿ ಆಣೆವಾರಿ ಎನ್ನುತ್ತಿದ್ದರು. ಅಂದಾಜು ನಾಲ್ಕಾಣೆಗಿಂತ ಕೆಳಗಿಳಿದರೆ ಸರಕಾರ ಆ ವರ್ಷದ ಕಂದಾಯವನ್ನು ತಡೆಹಿಡಿಯುತ್ತಿತ್ತು. ಇಲ್ಲವಾದರೆ ವಸೂಲಿ ತಪ್ಪದು. ಆ ಸಲ ವಸೂಲಿಯಾಗಿದ್ದರೆ ಕೌಜಲಗಿಯಲ್ಲಿದ್ದ ನನ್ನ ಕಾಕಾ ತಮ್ಮ ಜೋಡೆತ್ತುಗಳನ್ನು ಮಾರಲೇಬೇಕಾಗುತ್ತಿತ್ತು.

ಬಿಳಿಜೋಳ ಹೂವಾಡುವ ಹೊತ್ತಿಗೆ ಅಕಾಲದ ಮಳೆ ಸುರಿದಿತ್ತು. ಹೂವು ತೊಳೆದುಹೋಗಿ ತೆನೆಯಲ್ಲಿ ಕಾಳು ಕಟ್ಟಿರಲಿಲ್ಲ. ಆದರೂ ನೋಡಿದವರ ಕಣ್ಣಿಗೆ ಹೊಲ ಸೊಂಪಾಗಿಯೇ ಇತ್ತು. ನನ್ನನ್ನು ಹೆದರಿಸಿದ್ದು ಆ ಸೊಂಪೇ. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿ, ನ್ಯಾಯವಾದದ್ದನ್ನು ಸರಿಯಾಗಿ ಮಂಡಿಸಿದರೆ ಸಾಕೆಂದು ನಂಬಿ ಊರಿಗೆ ಮರಳಿದ್ದ ನಾನು, ಗೋಕಾಕಕ್ಕೆ ಅರ್ಜಿ ಬರೆದು ಕಂದಾಯದ ಸಾಹೇಬರನ್ನು ಕರೆಸಿದ್ದೆ. ಅವರು ಬಂದದ್ದು ಎಳ್ಳಮಾವಾಸ್ಯೆಯ ದಿನ.

ಅಂದು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿನ ನಡುವೆ ಅಡುಗೆಯನ್ನು ಚರಗವೆಂದು ಭೂಮಿಗೆ ಚೆಲ್ಲಿ ಉಣ್ಣುತ್ತಾರೆ. ಭೂಮಿತಾಯಿ ಬಸುರಿ, ಅದು ಅವಳ ಬಯಕೆಯ ಊಟ. ಅವಳೆದುರು ಬೆಳೆಯ ಬಗ್ಗೆ ಕೆಟ್ಟ ಮಾತು ಆಡಬಾರದು. ಕರಾವಳಿಯಿಂದ ವರ್ಗವಾಗಿ ಬಂದಿದ್ದ ಸಾಹೇಬರಿಗೆ ಇದು ತಿಳಿದಿರಲಿಲ್ಲ.

ಪೈರಿನ ನಡುವೆಯೇ ನಿಂತು ಕೇಳಿದರು: "ಬೆಳೆ ಹೇಗಿದೆ?"

"ಚೊಲೋ ಐತ್ರಿ, ಸಾಹೇಬ್ರ. ತಾಯಿ ಸುಖದಾಗ ಅದಾಳ್ರಿ," ಎಂದರು ಕಾಕಾ.

ಸಾಹೇಬರು ನನ್ನತ್ತ ತಿರುಗಿದರು: "ಮತ್ತೆ ಅರ್ಜಿ ಏಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಗದರಿದರು: "ತಮ್ಮಾ, ನಿನ್ನ ಭಾಷಣ ಊರಾಗ ಇಟ್ಕೋ. ಇಲ್ಲಿ ಆಕಿ ಕೇಳಾಕತ್ತಾಳ."

ಪಡುವಣದಲ್ಲಿ ಮತ್ತೆ ಮೋಡ ಕಪ್ಪಾಗುತ್ತಿತ್ತು. ಅದನ್ನು ಕಂಡ ಸಾಹೇಬರು ದಾರಿಯಲ್ಲಿ ಕಟ್ಟಿದ್ದ ತಮ್ಮ ಕುದುರೆಯತ್ತ ಹೆಜ್ಜೆ ಹಾಕಿದರು. ಅವರು ಏರಿ ಹೊರಟರೆ ಎತ್ತುಗಳು ಹೋದಂತೆಯೇ.

ಕಾಕಿ ತಂಬಿಗೆ ಹಿಡಿದು ಎದ್ದರು. "ಬಸುರಿ ಊಟ ಬಿಟ್ಟು ಹೋದವ್ರಿಗೆ ಹೊಟ್ಟಿ ನೋಯತೈತ್ರಿ, ಸಾಹೇಬ್ರ. ಬರ್ರಿ, ಬದುವಿನ ಆಚಿ ಕೈ ತೊಳಕೋರಿ." ಆಮೇಲೆ ಗಂಡನಿಗೆ, "ನೀವೂ ದಾರಿಗೆ ಬರ್ರಿ. ಹೊಲದಾಗ ಆಡಬಾರದ್ದನ್ನ ಅಲ್ಲಿ ಆಡ್ರಿ. ನಿಮ್ಮ ದನಿ ಅಡಗಿಮನ್ಯಾಗ ನನಗ ಕೇಳೂದಿಲ್ಲ, ಆಕಿಗೇನ್ ಕೇಳತೈತಿ?"

ಕಾಕಾ ಬದು ದಾಟಿದರು. ಬಂಡಿದಾರಿಯಲ್ಲಿ ನಿಂತು, ಪೈರಿಗೆ ಬೆನ್ನು ತಿರುವಿ ಪಿಸುಗುಟ್ಟಿದರು: "ಕಾಳಿಲ್ರಿ. ಬರೇ ಜೊಳ್ಳು. ತಿಕ್ಕಿ ನೋಡ್ರಿ."

ಸಾಹೇಬರು ಹೊಲಕ್ಕೆ ಮರಳಿ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿ ಊದಿದರು. ಹೊಟ್ಟು ಹಾರಿ ಅಂಗೈ ಬರಿದಾಯಿತು. ಇನ್ನೊಂದು ಮೂಲೆಗೆ ನಡೆದು ಮತ್ತೆ ತಿಕ್ಕಿದರು. ಅವರೂ ಅಲ್ಲಿ ಏನನ್ನೂ ಆಡಲಿಲ್ಲ, ಬದು ದಾಟಿ ಬಂದ ಮೇಲೆಯೇ ತಗ್ಗಿದ ದನಿಯಲ್ಲಿ, "ನಾಲ್ಕಾಣೆಯೂ ಇಲ್ಲ. ಹಾಗೆಯೇ ಬರೆಯುತ್ತೇನೆ," ಎಂದರು.

ಎತ್ತುಗಳು ಉಳಿದವು. ಅವೇ ನಮ್ಮನ್ನು ಮನೆಗೆ ಎಳೆದೊಯ್ಯುತ್ತಿದ್ದಾಗ ಹಿಂದೆ ಗುಡುಗಿತು. ಕಾಕಾ ಬೆಚ್ಚಿ ಹೊಲದತ್ತ ತಿರುಗಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಮೆಲ್ಲಗ ಅಂದಿದ್ನಲ್ಲೋ, ತಮ್ಮಾ?"

"ಮೆಲ್ಲಗ ಅಂದ್ರಿ, ಕಾಕಾ," ಎಂದೆ. ನನ್ನ ದನಿಯೂ ತಾನಾಗಿ ತಗ್ಗಿತ್ತು.