ಸುನೀತಕ್ಕ ಊರಿಗೆ ತಂದು ಓದುತ್ತಿದ್ದ ವರದಿ

ಸುದ್ದಿ ಸುಳ್ಳಿರಬಹುದು ಎಂದು ಇನ್ನೂ ಫೋನ್ ನೋಡುತ್ತಾ ಇದ್ದೇನೆ...
ನಿನ್ನೆ ಸಂಜೆಯಷ್ಟೇ ಸುನೀತಕ್ಕನ ವಾಯ್ಸ್ ಮೆಸೇಜ್ ಬಂದಿತ್ತು.
"ಭಾನುವಾರ ಕೊಯಿಲದ ಅಂಗನವಾಡಿಗೆ ಬಾ ಮಾರಾಯ್ತಿ. ಈ ಸಲ ವರದಿ ನೀನೇ ಓದುದು. ನನ್ನ ಸ್ವರ ಕೇಳಿ ಜನರಿಗೆ ಸಾಕಾಗಿ ಹೋಗಿದೆ."
ನಾಚಿಕೆಯಾಗಿ ನಾನು ಉತ್ತರ ಕೊಟ್ಟಿರಲಿಲ್ಲ.
ಇವತ್ತು ಬೆಳಿಗ್ಗೆ ಪುತ್ತೂರಿನಿಂದ ಫೋನ್... ಹೃದಯಾಘಾತವಂತೆ, ಅಕ್ಕ ಇನ್ನಿಲ್ಲವಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅಕ್ಕ ಮಕ್ಕಳ ಬದುಕಿನ ಬಗ್ಗೆ ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿದ್ದರು.
ಪುತ್ತೂರು, ಸುಳ್ಯ, ಕಡಬದಲ್ಲಿ ಮನೆ ಮನೆ ತಿರುಗಿ ವರದಿ ಬರೆಯುತ್ತಿದ್ದರು.
ಪ್ರಿಂಟಿಗೆ ಕೊಡುವ ಮೊದಲು ಅದನ್ನು ಅದೇ ಊರಿಗೆ ತಂದು, ಅಂಗನವಾಡಿಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರು.
"ತಪ್ಪಿದ್ದರೆ ಈಗಲೇ ಹೇಳಿ. ಪುಸ್ತಕ ಆದ ಮೇಲೆ ನನ್ನನ್ನು ಬೈದು ಪ್ರಯೋಜನ ಇಲ್ಲ."

ನಮ್ಮ ಕಾಣಿಯೂರಿನಲ್ಲಿ ಓದಿದ ದಿನ...
ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಯರ ಪುಟ ಬಂತು.
ಓದಿನಲ್ಲಿ ಆಸಕ್ತಿ ಇಲ್ಲದೆ ಬಿಟ್ಟರು ಎಂದಿತ್ತು.
ಸರ್ವೆಗೆ ಬಂದಾಗ ಮನೆಯ ದೊಡ್ಡವರು ಹಾಗೆ ಹೇಳಿದ್ದರು. ನನ್ನ ಅಪ್ಪನೂ.
ಅಮ್ಮ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುವಾಗ ಸಣ್ಣ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ನಾನು.
ಎಲ್ಲರ ಹಿಂದೆ ಕುಳಿತಿದ್ದೆ. ಬಾಯಿಗೆ ಹೇಗೆ ಬಂತೋ...
"ನನಗೆ ಆಸಕ್ತಿ ಇತ್ತು."
ಅಪ್ಪ ತಿರುಗಿ ನೋಡಿದರು. "ಎಂತ ಮಾತಾಡುದು ನೀನು?"

ಅಕ್ಕಾ... ಆಗ ನೀವು ಅಪ್ಪನಿಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.
"ಅವಳನ್ನು ಬೈಬೇಡಿ ಅಣ್ಣಾ. ಕೇಳಬೇಕಾದವರನ್ನು ಕೇಳದೆ ಹೋದದ್ದು ನಾನು."
ಎಲ್ಲರ ಎದುರು ಆ ಸಾಲನ್ನು ಹೊಡೆದು ಹಾಕಿದಿರಿ.
ಪುನಃ ಅಷ್ಟೂ ಮನೆಗಳಿಗೆ ಬಂದಿರಿ. ಈ ಸಲ ನಮ್ಮ ಹತ್ತಿರ ಕುಳಿತು ಕೇಳಿದಿರಿ.
ಲೇಟಾಯಿತೆಂದು ಆಫೀಸಿನಲ್ಲಿ ಬೈಸಿಕೊಂಡದ್ದನ್ನು ನಗುತ್ತಾ ಹೇಳಿದಿರಿ...
ಪುಸ್ತಕ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ, ನನ್ನ ಮಾತು ಇತ್ತು.
ಅಪ್ಪ ಆ ಪುಟ ಓದಿದರು.
ತಂಗಿಯನ್ನು ಏಳನೆಯದಾದ ಮೇಲೂ ಶಾಲೆಗೆ ಕಳಿಸಿದರು.
ನಾನು ಏನಾದರೂ ಬರೆಯಲು ಶುರು ಮಾಡಿದ್ದೂ ಆ ಪುಟ ನೋಡಿದ ಮೇಲೆಯೇ...

ಕೊಯಿಲದ ವರದಿ ಊರಿನವರಿಗೆ ಓದಿ ಹೇಳದೆ ಪ್ರಿಂಟಿಗೆ ಹೋಗಬಾರದು.
ಈಗಷ್ಟೇ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಪ್ರತಿ ಕೊಡುತ್ತಾರಂತೆ.
ಕೊಯಿಲದವರೇ, ಭಾನುವಾರ ಬನ್ನಿ. ಮಕ್ಕಳನ್ನು ಮುಂದೆ ಕೂರಿಸಿ.
ನನ್ನ ಸ್ವರ ಸಣ್ಣದು... ಕೇಳದಿದ್ದರೆ ಹೇಳಿ, ಇನ್ನೊಮ್ಮೆ ಓದುತ್ತೇನೆ.

ಅಕ್ಕಾ, ನಿಮ್ಮ ಮೆಸೇಜಿಗೆ ಉತ್ತರ ಇದು.
ಬರುತ್ತೇನೆ. ನಾನೇ ಓದುತ್ತೇನೆ.

ತುಂಬಾ ತಿರುಗಿದಿರಿ... ಇನ್ನು ನಿಮ್ಮ ಆತ್ಮ ನೆಮ್ಮದಿಯಿಂದ ಕುಳಿತುಕೊಳ್ಳಲಿ.
ಹೋಗಿ ಬನ್ನಿ ಅಕ್ಕಾ 🙏